ಬಿದ್ದರೆ ಟ್ರಾವೆಲಿಂಗ್ ಅಲ್ಲ, ಉರುಳಿದರೆ ಹೌದು

ಮಾನ್ಯ ಸಂಪಾದಕರೇ,

ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಹಿಡಿದುಕೊಂಡು ನಿಯಮ ಮೀರಿ ಚಲಿಸುವ ತಪ್ಪಿಗೆ ಟ್ರಾವೆಲಿಂಗ್ ಎನ್ನುತ್ತಾರೆ. ಪಂದ್ಯಗಳ ವರದಿಗಳಲ್ಲಿ 'ಚೆಂಡು ಹಿಡಿದು ನೆಲಕ್ಕೆ ಬಿದ್ದಿದ್ದರಿಂದ ಟ್ರಾವೆಲಿಂಗ್ ಆಯಿತು' ಎಂಬ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಅಂಗಳದ ಸುತ್ತ ಕೂತವರ ಕೂಗೂ ಅದೇ. ಆಟಗಾರ ಬಿದ್ದನೋ ಇಲ್ಲವೋ 'ಟ್ರಾವೆಲ್, ಟ್ರಾವೆಲ್' ಎಂದು ಎದ್ದು ನಿಲ್ಲುತ್ತಾರೆ. ತೀರ್ಪುಗಾರ ಸೀಟಿ ಊದದಿದ್ದರೆ ಅವನಿಗೆ ಕಣ್ಣಿಲ್ಲ ಎಂದೇ ತೀರ್ಮಾನ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ ನಡೆಯುವ ಪಂದ್ಯದಲ್ಲಿ ಆ ಸಾಲೂ ತಪ್ಪು, ಆ ಕೂಗೂ ತಪ್ಪು. ಬೀಳುವುದು ತಪ್ಪಲ್ಲ. ಬಿದ್ದ ರಭಸಕ್ಕೆ ಜಾರುವುದೂ ತಪ್ಪಲ್ಲ. ಬಿದ್ದ ಮೇಲೆ ಚೆಂಡನ್ನು ಹಿಡಿದುಕೊಂಡೇ ಉರುಳಿದರೆ ಅಥವಾ ಏಳಲು ಹೊರಟರೆ ಮಾತ್ರ ತಪ್ಪು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಪತ್ರವೇ ಎಂದು ಕೇಳಬಹುದು. ಸೀಟಿ ಕೇಳುತ್ತದೆ ಎಂಬ ಭಯದಿಂದ ಲೂಸ್ ಬಾಲ್‌ಗೆ, ಅಂದರೆ ಯಾರ ವಶದಲ್ಲೂ ಇಲ್ಲದ ಚೆಂಡಿಗೆ, ಧುಮುಕಲು ಹಿಂಜರಿಯುವ ಎಳೆಯ ಆಟಗಾರರು ಎಷ್ಟೋ ಮಂದಿ ಇದ್ದಾರೆ. ಅವರ ಸಲುವಾಗಿಯೇ ಈ ಪತ್ರ.

ಫಿಬಾ ನಿಯಮಪುಸ್ತಕದಲ್ಲಿ ಟ್ರಾವೆಲಿಂಗ್ ಇರುವುದು 25ನೇ ನಿಯಮದಲ್ಲಿ. ಆಟ ಚಾಲ್ತಿಯಲ್ಲಿರುವಾಗ ಚೆಂಡನ್ನು ಕೈಯಲ್ಲಿ ಹಿಡಿದ ಆಟಗಾರ ಒಂದು ಕಾಲನ್ನಾಗಲಿ ಎರಡೂ ಕಾಲನ್ನಾಗಲಿ ನಿಯಮದ ಮಿತಿ ಮೀರಿ ಸರಿಸಿದರೆ ಅದು ಟ್ರಾವೆಲಿಂಗ್. ಇಲ್ಲಿ ಎರಡು ಮಾತು ಮುಖ್ಯ: ಚೆಂಡು ಹಿಡಿದಿರಬೇಕು, ಮತ್ತು ಲೆಕ್ಕ ಕಾಲಿನದು. ನಿಂತ ಆಟಗಾರನಿಗೆ ಪಿವಟ್ ಕಾಲು ಇರುತ್ತದೆ. ಆ ಕಾಲು ಗೂಟದ ಹಾಗೆ ಒಂದೇ ಜಾಗದಲ್ಲಿ ಊರಿರಬೇಕು, ಇನ್ನೊಂದು ಕಾಲನ್ನು ಎತ್ತ ಬೇಕಾದರೂ ಇಡಬಹುದು. ಆದರೆ ಹೊಟ್ಟೆಯ ಮೇಲೋ ಬೆನ್ನಿನ ಮೇಲೋ ಮಲಗಿದವನಿಗೆ ಯಾವ ಪಿವಟ್ ಕಾಲು? ಅವನ ಮೈಯೇ ನೆಲಕ್ಕೆ ಊರಿದೆ. ಕಾಲಿನ ಲೆಕ್ಕ ಅಲ್ಲಿ ನಡೆಯದು. ಅದಕ್ಕೇ ನಿಯಮ ಮಾಡಿದವರು ಬಿದ್ದ, ಮಲಗಿದ, ಕುಳಿತ ಆಟಗಾರನಿಗೆಂದು ಬೇರೆಯೇ ಒಂದು ಅಂಶ ಬರೆದಿದ್ದಾರೆ. ಚೆಂಡು ಹಿಡಿದು ಬೀಳುವುದು, ಬಿದ್ದು ಜಾರುವುದು, ಮಲಗಿಯೋ ಕುಳಿತೋ ಇರುವಾಗ ಚೆಂಡು ವಶಪಡಿಸಿಕೊಳ್ಳುವುದು ಎಲ್ಲವೂ ಸಕ್ರಮ. ಅದಾದ ಮೇಲೆ ಚೆಂಡು ಹಿಡಿದು ಉರುಳಿದರೆ ಅಥವಾ ನಿಲ್ಲಲು ಯತ್ನಿಸಿದರೆ ಉಲ್ಲಂಘನೆ. ಜಾರಿಕೆ ಇಷ್ಟೇ ಮೀಟರ್ ಇರಬೇಕೆಂಬ ಅಳತೆಯನ್ನು ನಿಯಮ ಎಲ್ಲೂ ಹಾಕಿಲ್ಲ.

ಜಾರಿಕೆಗೆ ಈ ರಿಯಾಯಿತಿ ಏಕೆ ಎನ್ನುವವರು ಆಟದ ಮೊದಲ ನಿಯಮಗಳನ್ನು ನೋಡಬೇಕು. ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೂಪಿಸಿದ 13 ನಿಯಮಗಳಲ್ಲಿ ಮೂರನೆಯದು ಇದೇ ವಿಷಯದ್ದು. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು ಎಂದ ಅವರೇ, ಜೋರಾಗಿ ಓಡುತ್ತಾ ಹಿಡಿದವನಿಗೆ ಸ್ವಲ್ಪ ವಿನಾಯಿತಿ ಇರಲಿ ಎಂದೂ ಸೇರಿಸಿದರು. ಚೆಂಡನ್ನು ಪುಟಿಸುತ್ತಾ ಸಾಗುವ ಡ್ರಿಬಲ್ ಎಂಬುದು ಇನ್ನೂ ಹುಟ್ಟಿರದ ಕಾಲದಲ್ಲೇ ಓಟದ ರಭಸಕ್ಕೆ ಲೆಕ್ಕ ಕೊಟ್ಟಿದ್ದರು. ಮನುಷ್ಯನ ಮೈ ಬ್ರೇಕ್ ಒತ್ತಿದ ಕೂಡಲೇ ನಿಲ್ಲುವ ಗಾಡಿಯಲ್ಲ. ಇವತ್ತು ಓಡುತ್ತಾ ಚೆಂಡು ಪಡೆದವನಿಗೆ ನಿಲ್ಲಲು ಎರಡು ಹೆಜ್ಜೆ ಸಿಗುವುದೂ, ನೆಲದ ಮೇಲೆ ಜಾರುವವನಿಗೆ ಸೀಟಿ ಬೀಳದಿರುವುದೂ ಒಂದೇ ಬೇರಿನ ಎರಡು ಕೊಂಬೆಗಳು.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಚೆಂಡು ಯಾರ ಕೈಯಲ್ಲೂ ಇಲ್ಲ, ಸೈಡ್‌ಲೈನ್ ಕಡೆ ಪುಟಿಯುತ್ತಾ ಹೋಗುತ್ತಿದೆ. ಆಟಗಾರ್ತಿಯೊಬ್ಬಳು ಮೈ ಚೆಲ್ಲಿ ಧುಮುಕುತ್ತಾಳೆ. ಮೊದಲು ಮುಂಗೈ ನೆಲಕ್ಕೆ ತಾಗುತ್ತದೆ, ಆಮೇಲೆ ಎದೆ, ಆಮೇಲೆ ತೊಡೆ. ಬೆವರಿದ ಜರ್ಸಿ, ನುಣುಪು ಮರದ ನೆಲ, ಮೈ ಜಾರುತ್ತದೆ. ಜಾರುತ್ತಿರುವಾಗಲೇ ಎರಡೂ ಅಂಗೈ ಚೆಂಡನ್ನು ಬಾಚಿ ಎದೆಯಡಿಗೆ ಎಳೆದುಕೊಳ್ಳುತ್ತವೆ. ಇಷ್ಟು ಹೊತ್ತಿಗೆ ಎದುರಾಳಿಗಳಿಬ್ಬರು ಅವಳ ಮೇಲೆ ಬಾಗಿದ್ದಾರೆ. ಇಲ್ಲಿಯವರೆಗೆ ಒಂದು ತಪ್ಪೂ ಇಲ್ಲ. ಮೈ ನಿಂತಿತು. ಈಗ ಚೆಂಡನ್ನು ಕಾಪಾಡಿಕೊಳ್ಳಲು ಅವಳ ಮೈ ತಾನಾಗಿಯೇ ಮಾಡಲು ಹೊರಡುವ ಕೆಲಸವೆಂದರೆ ಎದುರಾಳಿಗೆ ಬೆನ್ನು ತಿರುಗಿಸುವುದು. ಒಂದು ಪಕ್ಕದ ಸೊಂಟ ನೆಲ ಬಿಡುತ್ತದೆ, ಭುಜ ಹಿಂದೆಯೇ ಬರುತ್ತದೆ, ಹೊಟ್ಟೆಯ ಮೇಲಿದ್ದವಳು ಬೆನ್ನಿನ ಮೇಲಾಗುತ್ತಾಳೆ. ಅದೇ ಉರುಳಿಕೆ. ಸೀಟಿ ಬೀಳಬೇಕಾದ್ದು ಆಗ. ಧುಮುಕಿದ್ದಕ್ಕೂ ಅಲ್ಲ, ಜಾರಿದ್ದಕ್ಕೂ ಅಲ್ಲ.

ಉರುಳುವ ಬದಲು ಅವಳು ಮಂಡಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಒಂದು ಕೈಯಲ್ಲಿ ಚೆಂಡನ್ನು ಅಪ್ಪಿ ಇನ್ನೊಂದು ಕೈಯನ್ನು ನೆಲಕ್ಕೆ ಒತ್ತಿದಳು ಎಂದುಕೊಳ್ಳಿ. ಅದು ಏಳುವ ಯತ್ನ. ನಿಯಮದ ಮಾತು 'ಯತ್ನ' ಎಂದೇ ಇದೆ. ಪೂರ್ತಿ ನೆಟ್ಟಗೆ ನಿಂತ ಮೇಲೆಯೇ ಸೀಟಿ ಎಂದೇನಿಲ್ಲ. ತಂಡದವರು ಅಕ್ಕರೆಯಿಂದ ಕೈ ಹಿಡಿದು ಎತ್ತಿದರೂ ಚೆಂಡು ಅವಳ ಬಳಿಯೇ ಇದ್ದರೆ ಫಲ ಅದೇ. ಕೈ ಕೊಡಲು ಬಂದವಳು ಕೈಯ ಬದಲು ಚೆಂಡನ್ನೇ ಈಸಿಕೊಂಡರೆ ಏನೂ ತೊಂದರೆಯಿಲ್ಲ. ಕೈಯಿಂದ ಕೈಗೆ ಚೆಂಡು ಕೊಡುವುದಕ್ಕೆ ಅಡ್ಡಿಯಿಲ್ಲ.

ರಭಸದ ವಿನಾಯಿತಿಯನ್ನು ನಿಯಮ ಜಾರಿಕೆಗೆ ಕೊಟ್ಟಿದೆ, ಉರುಳಿಕೆಗೆ ಕೊಟ್ಟಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಧುಮುಕುವಾಗ ಮೈ ಮುದುಡಿಕೊಂಡವರು ಚೆಂಡಿನಂತೆಯೇ ಉರುಳುತ್ತಾರೆ. ಮೊಣಕೈ ಅಗಲಿಸಿ, ಕಾಲು ಚಾಚಿ, ಎದೆ ಚಪ್ಪಟೆಯಾಗಿ ಇಳಿದವರು ಜಾರಿ ನಿಲ್ಲುತ್ತಾರೆ. ಧುಮುಕುವುದನ್ನು ಕಲಿಸುವ ತರಬೇತುದಾರರು ಮೊದಲ ದಿನವೇ ಇದನ್ನು ಕಲಿಸಿದರೆ ಒಳ್ಳೆಯದು. ಇನ್ನು, ಜಾರಿಕೆ ಮುಗಿಯುತ್ತಾ ಬಂದಾಗ ಷೂ ತುದಿಯಿಂದ ನೆಲ ಒದ್ದು ಮುಂದಕ್ಕೆ ತಳ್ಳಿಕೊಂಡರೆ ಅದು ರಭಸವಲ್ಲ, ಪ್ರಯಾಣವೇ. ತೀರ್ಪುಗಾರ ಅದನ್ನು ಜಾರಿಕೆಯ ಲೆಕ್ಕಕ್ಕೆ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಚೆಂಡು ವಶದಲ್ಲಿ ಇಲ್ಲದಿದ್ದರೆ ಈ ಯಾವ ಮಾತೂ ಅನ್ವಯಿಸದು. ಬಿದ್ದವನು ಚೆಂಡನ್ನು ತಟ್ಟುತ್ತಾ, ತಡವುತ್ತಾ ನಾಲ್ಕು ಸುತ್ತು ಉರುಳಿ ಕೊನೆಗೆ ಹಿಡಿದರೂ ಟ್ರಾವೆಲಿಂಗ್ ಇಲ್ಲ. ಬೆರಳು ತಾಗುವುದು ಬೇರೆ, ಹಿಡಿಯುವುದು ಬೇರೆ. ಮೇಲಿನ ಸಾಲಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಕೂಗಿನಲ್ಲಿ ಅರ್ಧ ಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಇನ್ನರ್ಧ ಪಾಲಿಗೆ ಕಾರಣ ಬೀಳುವ ಮುಂಚಿನ ಕಾಲುಗಳು. ಬಹಳ ಸಲ ಬಿದ್ದ ಆಟಗಾರನ ಮೇಲೆ ಬೀಳುವ ಸೀಟಿ ನ್ಯಾಯವಾದದ್ದೇ. ಆದರೆ ಅದು ಬಿದ್ದಿದ್ದಕ್ಕಲ್ಲ. ಓಡುತ್ತಾ ಚೆಂಡು ಪಡೆದವನು, ಅಥವಾ ಡ್ರಿಬಲ್ ಮುಗಿಸಿ ಚೆಂಡು ಎತ್ತಿಕೊಂಡವನು ಎರಡು ಹೆಜ್ಜೆ ಇಡಬಹುದು. ಚೆಂಡು ವಶವಾದ ಕ್ಷಣದಲ್ಲಿ ನೆಲದ ಮೇಲಿದ್ದ ಕಾಲು ಈ ಲೆಕ್ಕಕ್ಕೆ ಬರುವುದಿಲ್ಲ. 2017ರಲ್ಲಿ ಫಿಬಾ ಇದನ್ನು ಸ್ಪಷ್ಟವಾಗಿ ಬರೆದ ಮೇಲೆ 'ಸೊನ್ನೆ ಹೆಜ್ಜೆ' ಎಂಬ ಮಾತು ಬಳಕೆಗೆ ಬಂತು. ಮುಗ್ಗರಿಸಿದವನು ಆಯ ಕಾಪಾಡಿಕೊಳ್ಳಲು ಪಟಪಟನೆ ಮೂರು, ನಾಲ್ಕು ಹೆಜ್ಜೆ ಇಟ್ಟು ಆಮೇಲೆ ಬೀಳುತ್ತಾನೆ. ಮೂರನೆಯ ಹೆಜ್ಜೆಗೇ ತಪ್ಪು ಆಗಿಹೋಗಿದೆ. ಸೀಟಿ ಬಾಯಿಗೆ ಹೋಗಿ ಸದ್ದು ಬರುವ ಹೊತ್ತಿಗೆ ಅವನು ನೆಲದ ಮೇಲಿರುತ್ತಾನೆ, ನೋಡಿದವರು ಬಿದ್ದಿದ್ದಕ್ಕೇ ಸೀಟಿ ಎಂದುಕೊಳ್ಳುತ್ತಾರೆ. ಹಾಗೆಯೇ, ಎಸೆಯಲೆಂದು ಪಿವಟ್ ಕಾಲಿನಿಂದ ನೆಗೆದವನು ಚೆಂಡು ಬಿಡದೆ ಮತ್ತೆ ಕಾಲೂರಿ, ಆಮೇಲೆ ಕುಸಿದು ಬಿದ್ದರೆ ಕಾಲೂರಿದಾಗಲೇ ಟ್ರಾವೆಲಿಂಗ್. ಬಿದ್ದಿದ್ದರಿಂದ ಹಳೆಯ ತಪ್ಪು ಅಳಿಸಿಹೋಗುವುದಿಲ್ಲ.

ಇದಕ್ಕಿಂತಲೂ ದೊಡ್ಡ ಪ್ರಶ್ನೆ, ಬೀಳಿಸಿದವರು ಯಾರು ಎಂಬುದು. ಎದುರಾಳಿಯ ಸೊಂಟವೋ ಮಂಡಿಯೋ ತಾಗಿ ಆಯ ತಪ್ಪಿದ್ದರೆ ಅಲ್ಲಿ ಮೊದಲು ನೋಡಬೇಕಾದ್ದು ಫೌಲ್. ತಳ್ಳಿದ ಫೌಲನ್ನು ಬಿಟ್ಟು, ಅದರಿಂದ ಮುಗ್ಗರಿಸಿದವನ ಹೆಜ್ಜೆ ಎಣಿಸುವುದು ಅನ್ಯಾಯ. ನೆಲದ ಮೇಲೆ ಚೆಂಡು ಅಪ್ಪಿ ಮಲಗಿದವರ ಬೆನ್ನಿನ ಮೇಲೆ ಬೀಳುವುದೂ ಫೌಲೇ. ಬೀಳುವ ಮುನ್ನ ಚೆಂಡನ್ನು ಮುಟ್ಟಿದೆ ಎಂಬುದು ಸಬೂಬು ಅಲ್ಲ. ಇಲ್ಲಿ ತೀರ್ಪುಗಾರರು ತಡ ಮಾಡಿದರೆ ಬೆರಳು, ಕುತ್ತಿಗೆ, ಹಲ್ಲುಗಳಿಗೆ ಪೆಟ್ಟು ಬೀಳುತ್ತದೆ.

ಇಬ್ಬರು ಎದುರಾಳಿಗಳ ಕೈ ಚೆಂಡಿನ ಮೇಲೆ ಬಿಗಿಯಾಗಿ ಕೂತು, ಒರಟುತನವಿಲ್ಲದೆ ಯಾರಿಗೂ ಬಿಡಿಸಿಕೊಳ್ಳಲಾಗದ ಸ್ಥಿತಿ ಬಂದರೆ ಅದು ಹೆಲ್ಡ್ ಬಾಲ್. ಚೆಂಡು ಯಾರಿಗೆ ಎಂಬುದನ್ನು ಅಂಕ ಬರೆಯುವವರ ಮೇಜಿನ ಮೇಲಿನ ಬಾಣ ತೀರ್ಮಾನಿಸುತ್ತದೆ, ಅದು ಸರದಿಯಂತೆ ಒಮ್ಮೆ ಒಂದು ತಂಡದ ಕಡೆ, ಇನ್ನೊಮ್ಮೆ ಇನ್ನೊಂದರ ಕಡೆ ತೋರಿಸುತ್ತದೆ. ಹೀಗೆ ಎಳೆದಾಡುವಾಗ ಬಲಶಾಲಿಯ ಎಳೆತಕ್ಕೆ ಇನ್ನೊಬ್ಬರ ಮೈ ಮಗುಚುವುದುಂಟು. ಅದಕ್ಕೆ ಟ್ರಾವೆಲಿಂಗ್ ಕೊಡುವುದು ಸರಿಯಲ್ಲ. ಅಷ್ಟು ಹೊತ್ತು ಎಳೆದಾಡಲು ಬಿಡದೆ ಹೆಲ್ಡ್ ಬಾಲ್ ಸೀಟಿ ಮೊದಲೇ ಬೀಳಬೇಕಿತ್ತು.

ಹಾಗಾದರೆ ಚೆಂಡು ಹಿಡಿದು ಮಲಗಿದವರಿಗೆ ಇರುವ ದಾರಿ ಯಾವುದು? ಪಾಸ್ ಕೊಡಬಹುದು. ಬುಟ್ಟಿ ಹತ್ತಿರವಿದ್ದರೆ ಮಲಗಿದಲ್ಲಿಂದಲೇ ಎಸೆಯಬಹುದು. ಮಲಗಿದಲ್ಲಿಯೇ ಡ್ರಿಬಲ್ ಶುರು ಮಾಡಬಹುದು, ಡ್ರಿಬಲ್ ಮಾಡುತ್ತಾ ಎದ್ದು ನಿಲ್ಲಲೂಬಹುದು. ಈ ಕೊನೆಯದು ಸಕ್ರಮ ಎಂಬುದೇ ಬಹಳ ಆಟಗಾರರಿಗೆ ತಿಳಿದಿಲ್ಲ, ಕೆಲವು ತೀರ್ಪುಗಾರರಿಗೂ ತಿಳಿದಿಲ್ಲ. ಫಿಬಾದ ಅಧಿಕೃತ ವಿವರಣೆಗಳಲ್ಲಿ ಇದು ಉದಾಹರಣೆಯ ಸಮೇತ ಇದೆ: ಮಲಗಿ ಚೆಂಡು ಪಡೆದವನು ಪಾಸ್ ಕೊಟ್ಟರೆ, ಮಲಗಿಯೇ ಡ್ರಿಬಲ್ ಮಾಡಿದರೆ, ಡ್ರಿಬಲ್ ಮಾಡುತ್ತಾ ಎದ್ದರೆ ಸಕ್ರಮ, ಚೆಂಡು ಹಿಡಿದುಕೊಂಡು ಏಳಲು ಹೋದರೆ ಟ್ರಾವೆಲಿಂಗ್.

ಆದರೆ ಮಲಗಿ ಡ್ರಿಬಲ್ ಮಾಡುವುದು ಹೇಳಿದಷ್ಟು ಸಲೀಸಲ್ಲ. ನೆಲದಿಂದ ಒಂದು ಗೇಣು ಎತ್ತರದಿಂದ ಬಿಟ್ಟ ಚೆಂಡು ಮತ್ತೆ ಒಂದು ಗೇಣೂ ಏಳುವುದಿಲ್ಲ. ಅಂಗೈಯಿಂದ ಬಡಿದರೆ ಸತ್ತ ಹಾಗೆ ಅಲ್ಲೇ ಅಂಟುತ್ತದೆ. ಬೆರಳ ತುದಿಗಳಿಂದ ಚುರುಕಾಗಿ, ಒಂದರ ಹಿಂದೆ ಒಂದರಂತೆ ಕುಟ್ಟಬೇಕು. ಎರಡು ಮೂರು ಪುಟಿತಕ್ಕೆ ಎತ್ತರ ಬಂದ ಮೇಲೆಯೇ ಮಂಡಿ ಎಳೆದುಕೊಳ್ಳಬೇಕು. ಚೆಂಡನ್ನು ಸೊಂಟದ ಪಕ್ಕ, ಎದುರಾಳಿ ಇಲ್ಲದ ಕಡೆ ಇಟ್ಟುಕೊಳ್ಳಬೇಕು. ಎಲ್ಲರೂ ಮಾಡುವ ತಪ್ಪೆಂದರೆ ಚೆಂಡನ್ನು ನೆಲಕ್ಕೊತ್ತಿ ಅದರ ಮೇಲೆಯೇ ಭಾರ ಹಾಕಿ ಏಳುವುದು. ಚೆಂಡನ್ನು ಊರುಗೋಲು ಮಾಡಿಕೊಂಡರೆ ಅದು ಡ್ರಿಬಲ್ ಅಲ್ಲ. ಆದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ತಾನೇ ಮತ್ತೆ ಮುಟ್ಟಿದರೆ ಅದೂ ಡ್ರಿಬಲ್ ಎಂದೇ ಲೆಕ್ಕ.

ಈ ದಾರಿ ಎಲ್ಲರಿಗೂ ತೆರೆದಿರುವುದಿಲ್ಲ ಎಂಬುದನ್ನು ಮರೆಯಬಾರದು. ಡ್ರಿಬಲ್ ಮಾಡುತ್ತಾ ಬಂದು, ಚೆಂಡು ಎತ್ತಿಕೊಂಡು, ಆಮೇಲೆ ಬಿದ್ದವನ ಡ್ರಿಬಲ್ ಮುಗಿದಿದೆ. ಅವನು ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್ ಎಂಬ ತಪ್ಪು. ಅವನಿಗೆ ಉಳಿದದ್ದು ಪಾಸ್ ಮತ್ತು ಶಾಟ್ ಮಾತ್ರ. ನಡುವೆ ಎದುರಾಳಿಯ ಕೈ ತಾಗಿ ಚೆಂಡು ಅವನ ವಶ ತಪ್ಪಿ ಮತ್ತೆ ಸಿಕ್ಕಿದ್ದರೆ ಹೊಸ ಡ್ರಿಬಲ್‌ಗೆ ಅವಕಾಶವುಂಟು. ಲೂಸ್ ಬಾಲ್‌ಗೆ ಧುಮುಕಿ ಹಿಡಿದವನ ಡ್ರಿಬಲ್ ಇನ್ನೂ ಬಳಕೆಯಾಗಿಲ್ಲ, ಅವನು ಧಾರಾಳವಾಗಿ ಪುಟಿಸಬಹುದು.

ಪಾಸ್ ಕೊಡುವುದೇ ಎಲ್ಲಕ್ಕಿಂತ ಒಳ್ಳೆಯದು. ಮಲಗಿ ಕೊಡುವ ಪಾಸ್‌ಗೆ ಕಾಲಿನ ಬಲ ಸಿಗುವುದಿಲ್ಲ, ದೂರ ಹೋಗುವುದಿಲ್ಲ. ಹಾಗಾಗಿ ಬಿದ್ದವರಷ್ಟೇ ಜವಾಬ್ದಾರಿ ನಿಂತವರದೂ ಹೌದು: ಒಬ್ಬರಾದರೂ ಎರಡು ಮೂರು ಮೀಟರ್ ದೂರಕ್ಕೆ ಓಡಿ ಬಂದು, ಕೈ ತೋರಿಸಿ, ಹೆಸರು ಹಿಡಿದು ಕೂಗಬೇಕು. ಬೆನ್ನ ಮೇಲೆ ಮಲಗಿದವರು ಎರಡೂ ಕೈಯಿಂದ ತಲೆಯ ಮೇಲಿಂದ ಕೊಡಲಿ. ಹೊಟ್ಟೆಯ ಮೇಲಿದ್ದವರು ಎದೆಯಡಿಯ ಚೆಂಡನ್ನು ಮೊದಲು ಪಕ್ಕಕ್ಕೆ ಎಳೆದು, ಒಂದೇ ಕೈಯಿಂದ ನೆಲದ ಮೇಲೆ ಉರುಳಿಸಿ ಬಿಡಲಿ. ಮೈ ಉರುಳಬಾರದು, ಚೆಂಡು ಉರುಳಬಹುದು.

ಯೋಚಿಸಲು ಸಮಯವೂ ಹೆಚ್ಚಿಲ್ಲ. ಎದುರಾಳಿ ಒಂದು ಮೀಟರ್‌ಗಿಂತ ಹತ್ತಿರ ನಿಂತು ಸರಿಯಾಗಿ ತಡೆಯುತ್ತಿದ್ದರೆ 5 ಸೆಕೆಂಡಿನೊಳಗೆ ಪಾಸ್, ಶಾಟ್ ಅಥವಾ ಡ್ರಿಬಲ್ ಆಗಬೇಕು. ನೆಲದ ಮೇಲಿದ್ದಾರೆಂದು ಎಣಿಕೆ ನಿಲ್ಲದು. ಬಿದ್ದಲ್ಲಿಂದಲೇ ಟೈಮ್-ಔಟ್, ಅಂದರೆ ಚಿಕ್ಕ ವಿರಾಮ, ಕೇಳುವ ಅಭ್ಯಾಸ ಅಮೆರಿಕದ ಪಂದ್ಯಗಳನ್ನು ಟಿವಿಯಲ್ಲಿ ನೋಡಿ ಬಂದದ್ದು. ಫಿಬಾ ಆಟದಲ್ಲಿ ಟೈಮ್-ಔಟ್ ಕೇಳುವ ಹಕ್ಕು ಮುಖ್ಯ ತರಬೇತುದಾರ ಅಥವಾ ಮೊದಲ ಸಹಾಯಕ ತರಬೇತುದಾರನದು, ಆಟಗಾರನದಲ್ಲ. ಜಾರುತ್ತಾ ಗೆರೆ ಮುಟ್ಟಿದರೆ ಚೆಂಡು ಹೊರಗೆ ಹೋದ ಹಾಗೆ, ಗೆರೆಯೂ ಹೊರಗಿನದೇ. ತನ್ನ ತಂಡ ಆಗಲೇ ಎದುರಾಳಿಯ ಅರ್ಧದಲ್ಲಿ ಚೆಂಡು ಆಡಿಸುತ್ತಿದ್ದು, ಅದನ್ನು ಹಿಡಿದವನ ಮೈ ಜಾರಿ ಮಧ್ಯದ ಗೆರೆ ತಾಗಿದರೆ ಬ್ಯಾಕ್‌ಕೋರ್ಟ್ ಉಲ್ಲಂಘನೆ, ಏಕೆಂದರೆ ಆ ಗೆರೆ ಹಿಂದಿನ ಅರ್ಧಕ್ಕೆ ಸೇರಿದ್ದು. ಜಾರಿಕೆ ಟ್ರಾವೆಲಿಂಗ್‌ನಿಂದ ಪಾರು ಮಾಡುತ್ತದೆಯೇ ಹೊರತು ಇವುಗಳಿಂದಲ್ಲ.

ಇನ್ನು 'ನಾನು ಓದಿದ ನಿಯಮ ಬೇರೆ ಹೇಳುತ್ತದಲ್ಲ' ಎನ್ನುವವರ ವಿಚಾರ. ಅವರು ಸುಳ್ಳು ಹೇಳುತ್ತಿಲ್ಲ, ಬೇರೆ ಪುಸ್ತಕ ಓದಿದ್ದಾರೆ. ಅಮೆರಿಕದ ಹೈಸ್ಕೂಲ್ ಪಂದ್ಯಗಳ ನಿಯಮದಲ್ಲಿ ಚೆಂಡು ಹಿಡಿದವರ ಕೈ, ಪಾದ ಬಿಟ್ಟು ಮಂಡಿಯೂ ಸೇರಿ ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಟ್ರಾವೆಲಿಂಗ್. ಅಲ್ಲಿ ಗುರಿ ತಪ್ಪಿ ಮರಳಿದ ಚೆಂಡನ್ನು (ರೀಬೌಂಡ್) ಹಿಡಿದು ಬಿದ್ದರೆ ಸೀಟಿ ಖಂಡಿತ. ಅಲ್ಲಿನ ಕಾಲೇಜು ಆಟದಲ್ಲೂ ಪಿವಟ್ ಕಾಲು ಕಾಪಾಡಿಕೊಳ್ಳದೆ ಚೆಂಡಿನೊಂದಿಗೆ ಬಿದ್ದರೆ ತಪ್ಪು. ಆದರೆ ಧುಮುಕಿ ಚೆಂಡು ಹಿಡಿದು ಜಾರುವುದಕ್ಕೆ ಅದೇ ಹೈಸ್ಕೂಲ್ ನಿಯಮ ಅಡ್ಡಿ ಮಾಡುವುದಿಲ್ಲ, ಅಂಗಾತ ಮಲಗಿದವರು ಎದ್ದು ಕುಳಿತುಕೊಳ್ಳುವುದಕ್ಕೂ ಬಿಡುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮಾತು ಮತ್ತೊಂದು ಬಗೆಯದು: ಚೆಂಡು ಹಿಡಿದು ಬಿದ್ದವನು ಜಾರಿಕೆಯಿಂದ ಲಾಭ ಪಡೆಯಬಾರದು. ಅಲ್ಲಿ ತೀರ್ಪುಗಾರ ಅಳೆಯುವುದು ಲಾಭವನ್ನು. ಫಿಬಾದಲ್ಲಿ ನೋಡುವುದು ಜಾರಿಕೆ ರಭಸದ್ದೇ ಎಂಬುದನ್ನು. ಅಂತರರಾಷ್ಟ್ರೀಯ ಪಂದ್ಯಗಳು, ಒಲಿಂಪಿಕ್ಸ್, ವಿಶ್ವಕಪ್ ಎಲ್ಲ ನಡೆಯುವುದು ಫಿಬಾ ನಿಯಮದಲ್ಲಿ. ತಂಡಕ್ಕೆ ಮೂವರಂತೆ ಆಡುವ 3x3 ಆಟದಲ್ಲೂ ಅದರ ಸ್ವಂತ ನಿಯಮಪಟ್ಟಿಯಲ್ಲಿ ಹೇಳದ ವಿಷಯಕ್ಕೆ ಫಿಬಾ ನಿಯಮಪುಸ್ತಕವೇ ಆಧಾರ. ಇಂಟರ್‌ನೆಟ್‌ನಲ್ಲಿ ಸಿಗುವ ವಿಡಿಯೊ ಯಾವ ಆಟದ್ದು ಎಂದು ನೋಡದೆ ಅದರಿಂದ ನಿಯಮ ಕಲಿಯುವುದರಿಂದಲೇ ಈ ಗೊಂದಲ ಹಬ್ಬಿದೆ. ಬೇರೆ ಬೇರೆ ಪುಸ್ತಕದ ಸಾಲುಗಳನ್ನು ಬೆರೆಸಿ ವಾದ ಮಾಡಿದರೆ ಯಾರೂ ಗೆಲ್ಲುವುದಿಲ್ಲ.

ನಿಮ್ಮ ಕ್ರೀಡಾ ವರದಿಗಾರರಲ್ಲಿ ನನ್ನ ಕೋರಿಕೆ ಇಷ್ಟೇ: 'ಬಿದ್ದಿದ್ದಕ್ಕೆ ಟ್ರಾವೆಲಿಂಗ್' ಎಂದು ಬರೆಯುವ ಬದಲು ಸೀಟಿಯ ಕಾರಣವನ್ನು ಒಂದು ಪದದಲ್ಲಿ ಬರೆಯಿರಿ: ಉರುಳಿದ್ದಕ್ಕೆ, ಎದ್ದಿದ್ದಕ್ಕೆ, ಅಥವಾ ಬೀಳುವ ಮುಂಚಿನ ಮೂರನೇ ಹೆಜ್ಜೆಗೆ. ದೂರದಲ್ಲಿ ಕೂತವರಿಗೆ ಸೀಟಿ ಯಾವುದಕ್ಕೆಂದು ತಿಳಿಯದಿದ್ದರೆ ತೀರ್ಪುಗಾರನ ಕೈ ನೋಡಿದರೆ ಸಾಕು. ಎರಡೂ ಮುಷ್ಟಿಯನ್ನು ಎದೆಯ ಮುಂದೆ ಒಂದರ ಸುತ್ತ ಒಂದು ತಿರುಗಿಸಿದರೆ ಟ್ರಾವೆಲಿಂಗ್. ಚೆಂಡು ಎದುರಾಳಿಗೆ, ತಪ್ಪು ನಡೆದ ಜಾಗಕ್ಕೆ ಹತ್ತಿರದ ಗೆರೆಯ ಹೊರಗಿನಿಂದ. ಎರಡೂ ಹೆಬ್ಬೆರಳು ಮೇಲಕ್ಕೆತ್ತಿದರೆ ಹೆಲ್ಡ್ ಬಾಲ್, ಆಗ ಮೇಜಿನ ಮೇಲಿನ ಬಾಣ ನೋಡಿ. ಒಂದೇ ಕೈಯ ಮುಷ್ಟಿ ಮೇಲೆ ಹೋದರೆ ಫೌಲ್, ಬಿದ್ದವನನ್ನು ಯಾರೋ ಬೀಳಿಸಿರಬಹುದು.

ಇತಿ,
ಬ್ಯಾಸ್ಕೆಟ್‌ಬಾಲ್ ತೀರ್ಪುಗಾರರೊಬ್ಬರು